ಕನ್ನಡ ಕೂಟದ ವತಿಯಿಂದ ವಿಮೆಯಿಲ್ಲದವರಿಗೆ ಉಚಿತ ಚಿಕಿತ್ಸಾಲಯ ಆರಂಭಿಸಬಹುದೇ?

ತುಂಗಾತೀರ (ಪ್ರಶ್ನೆ):
ನಾವಿರುವುದು ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ. ನಮ್ಮ ಕೂಟದಲ್ಲಿ ವೈದ್ಯರು ಸಾಕಷ್ಟು ಮಂದಿ ಇದ್ದಾರೆ. ಆರೋಗ್ಯ ವಿಮೆಯಿಲ್ಲದವರೂ ಇದ್ದಾರೆ, ಆದರೆ ಅವರು ಅದನ್ನು ಹೇಳಿಕೊಳ್ಳುವುದಿಲ್ಲ. ಮಕ್ಕಳ ಅರ್ಜಿಯ ಮೇಲೆ ಗ್ರೀನ್ ಕಾರ್ಡ್ ಪಡೆದು ಬಂದ ಹಿರಿಯರು 65 ದಾಟಿದ್ದರೂ, ಇಲ್ಲಿ ದುಡಿದ ದಾಖಲೆ ಇಲ್ಲದಿದ್ದರೆ, ಸತತ ಐದು ವರ್ಷ ನೆಲೆಸುವವರೆಗೆ ಹಿರಿಯರಿಗಾಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಅನ್ನು ಹಣ ಕೊಟ್ಟು ಕೊಳ್ಳುವುದಕ್ಕೂ ಆಗುವುದಿಲ್ಲ. ಮೋಟೆಲ್, ಗ್ಯಾಸ್ ಸ್ಟೇಷನ್‌ಗಳಲ್ಲಿ ಗಂಟೆಯ ಲೆಕ್ಕಕ್ಕೆ ದುಡಿಯುವ ಕೆಲವರದೂ ಇದೇ ಪಾಡು. ಬಡವರಿಗಾಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಅನ್ನು ಇನ್ನಷ್ಟು ಜನರಿಗೆ ವಿಸ್ತರಿಸುವುದನ್ನು ರಾಜ್ಯವು ಒಪ್ಪಿಕೊಂಡಿಲ್ಲವಾದ್ದರಿಂದ, ಅಂಗವೈಕಲ್ಯವಿಲ್ಲದ, ಮಕ್ಕಳಿಲ್ಲದ ವಯಸ್ಕರಿಗೆ ಎಷ್ಟೇ ಬಡತನವಿದ್ದರೂ ಆ ಬಾಗಿಲು ಬಹುತೇಕ ಮುಚ್ಚಿದೆ. ಊರಿನಲ್ಲಿ ರೋಟರಿಯವರೋ ಮಠದವರೋ ನಡೆಸುವ ತಪಾಸಣಾ ಶಿಬಿರದ ಹಾಗೆ, ತಿಂಗಳಿಗೊಂದು ಭಾನುವಾರ ದೇವಸ್ಥಾನದ ಸಭಾಂಗಣದಲ್ಲಿ ಬಿಪಿ, ಸಕ್ಕರೆ ನೋಡಿ ಔಷಧ ಬರೆದುಕೊಡುವ ಏರ್ಪಾಡು ಮಾಡಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ನಿವೃತ್ತ ವೈದ್ಯ:
ನಿಮ್ಮ ಕಾಳಜಿ ಸರಿಯಾದುದೇ. ಆದರೂ ಹೊಸ ಚಿಕಿತ್ಸಾಲಯ ತೆರೆಯಬೇಡಿ, ಇರುವ ಚಿಕಿತ್ಸಾಲಯವೊಂದರ ಜೊತೆ ಸೇರಿಕೊಳ್ಳಿ ಎಂಬುದು ನನ್ನ ಸಲಹೆ. ನಿವೃತ್ತಿಯ ನಂತರ ನಾನು ಇಂಥದೊಂದು ಕಡೆ ಸ್ವಯಂಸೇವಕನಾಗಿ ರೋಗಿಗಳನ್ನು ನೋಡುತ್ತಿದ್ದೇನೆ.

ಈ ದೇಶದಲ್ಲಿ ಇದು ಹೊಸ ಪ್ರಯೋಗವೇನಲ್ಲ. 1967ರಲ್ಲಿ ಡೇವಿಡ್ ಸ್ಮಿತ್ ಎಂಬ ವೈದ್ಯರು ಸ್ಯಾನ್ ಫ್ರಾನ್ಸಿಸ್ಕೋದ ಹೈಟ್ ಆ್ಯಶ್‌ಬರಿಯಲ್ಲಿ ಉಚಿತ ಚಿಕಿತ್ಸಾಲಯ ತೆರೆದರು. 1990ರ ದಶಕದಲ್ಲಿ ಜ್ಯಾಕ್ ಮೆಕಾನೆಲ್ ಅವರು ದಕ್ಷಿಣ ಕ್ಯಾರೊಲಿನಾದ ಹಿಲ್ಟನ್ ಹೆಡ್ ದ್ವೀಪಕ್ಕೆ ವಿಶ್ರಾಂತ ಜೀವನಕ್ಕೆಂದು ಬಂದಿದ್ದ ವೈದ್ಯರನ್ನೇ ಕಲೆಹಾಕಿ, ಅಲ್ಲಿನ ಹೋಟೆಲು, ತೋಟಗಳಲ್ಲಿ ದುಡಿಯುವವರಿಗಾಗಿ ‘ವಾಲಂಟಿಯರ್ಸ್ ಇನ್ ಮೆಡಿಸಿನ್’ ಎಂಬ ಉಚಿತ ಚಿಕಿತ್ಸಾಲಯ ಕಟ್ಟಿದರು. ಇಂಥ ಚಿಕಿತ್ಸಾಲಯಗಳು ಉಳಿದಿರುವುದು ವೈದ್ಯರ ಔದಾರ್ಯವೊಂದರಿಂದಲೇ ಅಲ್ಲ. ರೋಗಿಯ ಕಡತ, ಪ್ರಯೋಗಾಲಯದೊಡನೆ ಒಪ್ಪಂದ, ಔಷಧದ ದಾಸ್ತಾನು, ಮುಂದಿನ ಭೇಟಿಯ ದಿನ ಇವನ್ನೆಲ್ಲ ತಪ್ಪದೆ ನೋಡಿಕೊಳ್ಳುವ ಸಿಬ್ಬಂದಿ ಇರುವುದರಿಂದ.

ಕಾನೂನಿನ ವಿಷಯ. 1997ರ ಸ್ವಯಂಸೇವಕರ ರಕ್ಷಣಾ ಕಾಯ್ದೆಯು ಪರವಾನಗಿಯುಳ್ಳ ಸ್ವಯಂಸೇವಕನನ್ನು ಸಾಮಾನ್ಯ ನಿರ್ಲಕ್ಷ್ಯದ ಹೊಣೆಯಿಂದ ಕಾಯುತ್ತದೆ, ಆದರೆ ಶಿಬಿರ ಏರ್ಪಡಿಸಿದ ಸಂಸ್ಥೆಯನ್ನು, ಅಂದರೆ ನಿಮ್ಮ ಕೂಟವನ್ನು, ಕಾಯುವುದಿಲ್ಲ. ಅರ್ಹ ಉಚಿತ ಚಿಕಿತ್ಸಾಲಯವು ಒಕ್ಕೂಟ ಸರ್ಕಾರಕ್ಕೆ ಅರ್ಜಿ ಸಲ್ಲಿಸಿ ಒಪ್ಪಿಗೆ ಪಡೆದರೆ, ಅದರ ವೈದ್ಯರ ಮೇಲಿನ ಮೊಕದ್ದಮೆಗಳಿಗೆ ಸರ್ಕಾರವೇ ಹೊಣೆಯಾಗುತ್ತದೆ. ಅದಕ್ಕಾಗಿ ಚಿಕಿತ್ಸಾಲಯವು ರೋಗಿಯಿಂದಾಗಲಿ ವಿಮಾ ಕಂಪನಿಯಿಂದಾಗಲಿ ಶುಲ್ಕ ಪಡೆಯಬಾರದು, ಸ್ವಇಚ್ಛೆಯ ದೇಣಿಗೆ ಪಡೆಯಬಹುದು. ದೇವಸ್ಥಾನದ ಸಭಾಂಗಣದಲ್ಲಿ ಮೇಜು ಹಾಕಿ ಕುಳಿತರೆ ಈ ರಕ್ಷಣೆ ದೊರಕುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಒಬ್ಬ ಹಿರಿಯರಿಗೆ ಸಕ್ಕರೆ ಕಾಯಿಲೆಯಿದೆಯೆಂದು ಭಾನುವಾರ ಹೇಳಿ ಚೀಟಿ ಬರೆದುಕೊಟ್ಟಿರಿ ಎನ್ನೋಣ. ಮೂರು ತಿಂಗಳಿಗೆ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣಿನ ಮತ್ತು ಮೂತ್ರಪಿಂಡದ ತಪಾಸಣೆ, ಔಷಧ ಒಗ್ಗದಿದ್ದರೆ ಬದಲಾವಣೆ, ಇವೆಲ್ಲ ಯಾರ ಹೊಣೆ? ಮುಂದಿನ ಶಿಬಿರದಲ್ಲಿ ಬೇರೆ ವೈದ್ಯರಿರುತ್ತಾರೆ. ಇಂಥ ಕಾಯಿಲೆಗೆ ಬೇಕಾದುದು ಶಿಬಿರವಲ್ಲ, ವರ್ಷಗಟ್ಟಲೆ ಗೊತ್ತಿರುವ ಒಬ್ಬ ವೈದ್ಯ.

ಮಲೆನಾಡಿನವ:
ಹಿರಿಯರ ಮಾತನ್ನು ಗೌರವಿಸುತ್ತಲೇ ಶಿಬಿರದ ಪರವಾಗಿ ಒಂದು ಮಾತು ಹೇಳಬೇಕೆನಿಸುತ್ತದೆ. ಟೆನೆಸ್ಸಿಯಲ್ಲೇ ನೆಲೆಯೂರಿರುವ ‘ರಿಮೋಟ್ ಏರಿಯಾ ಮೆಡಿಕಲ್’ ಸಂಸ್ಥೆಯನ್ನು ಸ್ಟ್ಯಾನ್ ಬ್ರಾಕ್ 1985ರಲ್ಲಿ ಆರಂಭಿಸಿದ್ದು ದೂರದೇಶಗಳ ದುರ್ಗಮ ಪ್ರದೇಶಗಳಿಗಾಗಿ. ಕೊನೆಗೆ ಅದಕ್ಕೆ ಅತಿ ಹೆಚ್ಚು ಕೆಲಸ ಸಿಕ್ಕಿದ್ದು ಅಮೆರಿಕದಲ್ಲೇ. ಅವರ ಶಿಬಿರಗಳಿಗೆ ಜನರು ಮಧ್ಯರಾತ್ರಿಯೇ ಬಂದು ಕಾರಿನಲ್ಲಿ ಮಲಗಿ ಸರದಿ ಕಾಯುತ್ತಾರೆ, ಗುರುತಿನ ಚೀಟಿ ಕೇಳುವುದಿಲ್ಲ. ಬಹುಪಾಲು ಬೇಡಿಕೆ ಹಲ್ಲು ಮತ್ತು ಕನ್ನಡಕದ್ದು. ಹಾಳಾದ ಹಲ್ಲು ಕೀಳುವುದು, ಅಳತೆ ನೋಡಿ ಅಲ್ಲಿಯೇ ಕನ್ನಡಕ ತಯಾರಿಸಿ ಕೊಡುವುದು ಒಂದು ದಿನದಲ್ಲಿ ಮುಗಿಯುವ ಕೆಲಸಗಳಾದ್ದರಿಂದ ಅಲ್ಲಿ ಶಿಬಿರದ ಪದ್ಧತಿ ಚೆನ್ನಾಗಿ ಹೊಂದುತ್ತದೆ. ನಿಮ್ಮ ಕೂಟದಲ್ಲಿ ದಂತವೈದ್ಯರಿದ್ದರೆ ಅಂಥ ಶಿಬಿರಕ್ಕೆ ಹೆಸರು ನೋಂದಾಯಿಸಲಿ.

ತುಂಗಾತೀರ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ವೈದ್ಯರಲ್ಲದ ನಮ್ಮಂಥವರು ಮಾಡಬಹುದಾದುದು ಏನೂ ಇಲ್ಲವೇ? ಹಾಗೆಯೇ, ಉಚಿತ ಚಿಕಿತ್ಸಾಲಯದಲ್ಲಿ ಆಗದ ಶಸ್ತ್ರಚಿಕಿತ್ಸೆಯಂಥದು ಬಂದರೆ ದಾರಿ ಯಾವುದು?

ನಿವೃತ್ತ ವೈದ್ಯ:
ಮೊದಲ ಪ್ರಶ್ನೆಗೆ: ನಮ್ಮಲ್ಲಿ ವೈದ್ಯರಿಗಿಂತ ದುಭಾಷಿಗಳ ಕೊರತೆಯೇ ಹೆಚ್ಚು. ಅಜ್ಜಿಯ ಮುಟ್ಟಿನ ತೊಂದರೆಯನ್ನೋ ತಾತನ ಮೂತ್ರದ ತೊಂದರೆಯನ್ನೋ ಮೊಮ್ಮಗನ ಬಾಯಿಂದ ಕೇಳಬೇಕಾದಾಗ ಅರ್ಧ ಸಂಗತಿ ಅಲ್ಲಿಯೇ ಮುಚ್ಚಿಹೋಗುತ್ತದೆ. ತರಬೇತಿ ಪಡೆದು, ಗುಟ್ಟು ಕಾಯಬಲ್ಲ ನಾಲ್ಕು ಜನ ಕನ್ನಡಿಗರು ಸರದಿಯ ಮೇಲೆ ಬಂದರೆ ಅದೇ ದೊಡ್ಡ ಉಪಕಾರ. ಕರೆದುಕೊಂಡು ಬರುವ ವಾಹನ, ಅರ್ಜಿ ತುಂಬುವ ಕೈ, ಇವೂ ಬೇಕು. ಒಂದು ಎಚ್ಚರಿಕೆ: ಅನೇಕ ಉಚಿತ ಚಿಕಿತ್ಸಾಲಯಗಳಿಗೆ ಆದಾಯದ ಮಿತಿ ಇರುತ್ತದೆ. ಒಳ್ಳೆಯ ಸಂಬಳದ ಮಗನ ಮನೆಯಲ್ಲಿರುವ ತಾಯಿಗೆ ವಿಮೆ ಕೊಳ್ಳುವುದೇ ಆ ಮಗನ ಕರ್ತವ್ಯ, ಬಿಡಿ. ಮಿತಿ ಮೀರಿದವರಿಗೂ ಸರ್ಕಾರದ ಅನುದಾನ ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳ ಬಾಗಿಲು ತೆರೆದಿರುತ್ತದೆ. ಅಲ್ಲಿ ಕಡಿಮೆ ಆದಾಯದವರಿಗೆ ಶುಲ್ಕದಲ್ಲಿ ರಿಯಾಯಿತಿಯುಂಟು.

ಎರಡನೆಯದಕ್ಕೆ: 1986ರ ಕಾಯ್ದೆಯಂತೆ ತುರ್ತು ವಿಭಾಗವು ಹಣವಿಲ್ಲವೆಂದು ಯಾರನ್ನೂ ಹಿಂದಕ್ಕೆ ಕಳಿಸುವಂತಿಲ್ಲ, ಆದರೆ ಬಿಲ್ಲು ಬಂದೇ ಬರುತ್ತದೆ. ಲಾಭರಹಿತ ಆಸ್ಪತ್ರೆಯಾದರೆ ಅದಕ್ಕೆ ಲಿಖಿತ ಧನಸಹಾಯ ನೀತಿ ಇರಲೇಬೇಕು, ಮತ್ತು ಬಿಡುಗಡೆಯ ನಂತರದ ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ಅರ್ಜಿಯನ್ನು ಸ್ವೀಕರಿಸಲೇಬೇಕು. ಬಿಲ್ಲು ನೋಡಿ ಗಾಬರಿಯಾಗಿ ಕ್ರೆಡಿಟ್ ಕಾರ್ಡಿನಿಂದ ಕಟ್ಟಿಬಿಡುವ ಮೊದಲು ಆ ಅರ್ಜಿಯನ್ನು ಕೇಳಿ ಪಡೆಯಿರಿ.