ಲಾನಿನಲ್ಲಿ ಕೊನ್ನಾರಿ: ಕಿತ್ತಷ್ಟೂ ಹೆಚ್ಚುತ್ತಿದೆ, ಏನು ಮಾಡಲಿ?

ಮೈಸೂರು ಅಂಗಳ:
ಮನೆಯ ಮುಂದೆ ಇಪ್ಪತ್ತಕ್ಕೆ ಹದಿನೈದು ಅಡಿ ಜಾಗದಲ್ಲಿ ಕಳೆದ ಆಷಾಢದಲ್ಲಿ ಮೆಕ್ಸಿಕನ್ ಹುಲ್ಲು ಹಾಕಿಸಿದೆ. ಕೆಳಗೆ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು, ಅದರ ಮೇಲೆ ಕೊಟ್ಟಿಗೆ ಗೊಬ್ಬರ. ದೀಪಾವಳಿಯವರೆಗೆ ಕಣ್ಣಿಗೆ ಹಬ್ಬವಾಗಿತ್ತು. ಆಮೇಲೆ ಅಲ್ಲಲ್ಲಿ ಉದ್ದನೆಯ, ಹೊಳೆಯುವ ಎಲೆಗಳು ಎದ್ದವು. ಹುಲ್ಲು ಕತ್ತರಿಸಿದ ಎರಡೇ ದಿನಕ್ಕೆ ಅವು ಮಾತ್ರ ತಲೆ ಎತ್ತಿ ನಿಂತಿರುತ್ತವೆ. ನಾನು ಕಿತ್ತೆ, ಮತ್ತೆ ಬಂದವು. ಯುಗಾದಿ ಕಳೆದ ಮೇಲೆ ಮಾಲಿ ಗುದ್ದಲಿ ತಂದು ಆ ಮೂಲೆಯನ್ನೇ ಅಗೆದು ಕೊಚ್ಚಿ ಸಮ ಮಾಡಿ ಹೋದರು. ಈಗ ಒಂದಿದ್ದ ಕಡೆ ನಾಲ್ಕಿವೆ. ಜೊತೆಗೆ ಹುಳಿಸೊಪ್ಪು, ಗೋಡೆಯ ಬದಿಗೆ ಒಂದೆರಡು ಕಾಂಗ್ರೆಸ್ ಗಿಡ. ಅಂಗಡಿಯವರು ಗ್ಲೈಫೋಸೇಟ್ ಬಾಟಲಿ ಕೊಟ್ಟಿದ್ದಾರೆ, "ಯಾವ ಕಳೆಯಾದರೂ ಸಾಯುತ್ತದೆ" ಎಂದರು. ಸಿಂಪಡಿಸಲೇ?

ಕಬ್ಬಿನ ಗದ್ದೆ, ಮಂಡ್ಯ:
ಬಾಟಲಿಯ ಮುಚ್ಚಳ ತೆರೆಯಬೇಡಿ. ಯಾವ ಕಳೆಯಾದರೂ ಸಾಯುತ್ತದೆ ಎಂದರೆ ನಿಮ್ಮ ಲಾನೂ ಸಾಯುತ್ತದೆ ಎಂದೇ ಅರ್ಥ, ಅದಕ್ಕೆ ಭೇದವಿಲ್ಲ. ಅಲ್ಲದೆ ಅದನ್ನು ಬಳಸಬೇಕಾದವರು ಕೀಟ ನಿಯಂತ್ರಣದ ಪರವಾನಗಿ ಇರುವವರು, ನೀವು ನಾವಲ್ಲ ಎಂದು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತ್ತು.

ಮೊದಲು ಒಂದು ಕೆಲಸ ಮಾಡಿ. ಆ ಗಿಡದ ಹೂವಿನ ದಂಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹೊರಳಿಸಿ ನೋಡಿ. ಉರುಟಾಗಿದೆಯೋ, ಮೂರು ಅಂಚು ತಾಗುತ್ತದೆಯೋ? ಮೂರು ಅಂಚಿದ್ದರೆ ಅದು ಹುಲ್ಲಲ್ಲ, ಕೊನ್ನಾರಿಯ ಜಾತಿ.

ಮೈಸೂರು ಅಂಗಳ:
ಮೂರು ಅಂಚು, ಸ್ಪಷ್ಟವಾಗಿ. ಒಂದು ಗಿಡದ ಬುಡಕ್ಕೆ ಎರಡು ಚೊಂಬು ನೀರು ಹಾಕಿ ನೆನೆಸಿ, ಹಳೆಯ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎಬ್ಬಿಸಿದೆ. ಬುಡದಲ್ಲಿ ಒಂದು ಗೆಡ್ಡೆ, ಅದರಿಂದ ತಂತಿಯಂಥ ಬೇರು, ಅದರ ತುದಿಗೆ ಕಪ್ಪು ಗೆಡ್ಡೆ, ಅಲ್ಲಿಂದ ಮತ್ತೊಂದು. ಎಣಿಸಿದೆ, ಏಳು. ಎಂಟನೆಯದು ಮಣ್ಣಿನಲ್ಲೇ ಕಡಿದು ಉಳಿಯಿತು. ಉಗುರಿನಿಂದ ಸೀಳಿದರೆ ಒಳಗೆ ಬಿಳಿ, ಗ್ರಂಧಿಗೆ ಅಂಗಡಿಯ ವಾಸನೆ.

ಹಿತ್ತಲ ಮದ್ದು, ಶಿರಸಿ:
ವಾಸನೆ ಸರಿಯಾಗಿಯೇ ಹೇಳಿದ್ದೀರಿ, ಆಯುರ್ವೇದದ ಮುಸ್ತೆ ಅದೇ. ಕೊನ್ನಾರಿ, ಜೇಕು, ತುಂಗೆ, ಭದ್ರಮುಷ್ಟಿ, ಒಂದೊಂದು ಊರಿಗೆ ಒಂದೊಂದು ಹೆಸರು. ಕಷಾಯಕ್ಕೆ ಬೇಕೆಂದು ಹುಡುಕುವಾಗ ಮಾತ್ರ ಸಿಗುವುದಿಲ್ಲ!

ಪ್ಲಾಸ್ಟಿಕ್ ಹೊದಿಸಲು ಯಾರಾದರೂ ಹೇಳಿದರೆ ನಂಬಬೇಡಿ. ನಾನು ತರಕಾರಿ ಮಡಿಗೆ ಕಪ್ಪು ಹಾಳೆ ಹೊದಿಸಿದ್ದೆ. ಹದಿನೈದು ದಿನಕ್ಕೆ ಸೂಜಿ ಚುಚ್ಚಿದ ಹಾಗೆ ಮೊಳಕೆಗಳು ಹಾಳೆಯನ್ನು ತೂತು ಮಾಡಿಕೊಂಡು ಹೊರಬಂದಿದ್ದವು.

ಕಬ್ಬಿನ ಗದ್ದೆ, ಮಂಡ್ಯ:
ಹಾಗಾದರೆ ನಿಮ್ಮ ಮಾಲಿ ಮಾಡಿದ ಅನಾಹುತ ಅರ್ಥವಾಯಿತು. ಆ ಗೆಡ್ಡೆಗಳ ಸರ ಇಡಿಯಾಗಿ ಇರುವಾಗ ಒಂದೆರಡು ಗೆಡ್ಡೆ ಚಿಗುರುತ್ತವೆ, ಉಳಿದವು ಮಲಗಿರುತ್ತವೆ. ಗುದ್ದಲಿ ಸರವನ್ನು ತುಂಡರಿಸಿದರೆ ಮಲಗಿದ್ದವೆಲ್ಲ ಏಳುತ್ತವೆ. ಇದು ಬೀಜದಿಂದ ಬರುವುದು ಬಲು ಅಪರೂಪ. ಗೆಡ್ಡೆ ಬಂದದ್ದು ಆ ಕೆಂಪು ಮಣ್ಣಿನ ಟ್ರ್ಯಾಕ್ಟರಿನಲ್ಲೇ ಎಂದು ನನ್ನ ಗುಮಾನಿ, ಹೊಲದ ಮೇಲ್ಮಣ್ಣು ತಂದು ಸುರಿದಿರುತ್ತಾರೆ. ಹುಲ್ಲು ಹಾಕುವ ಮುಂಚೆ ಆ ಮಣ್ಣಿಗೆ ನೀರು ಕೊಟ್ಟು ಮೂರು ವಾರ ಬಿಟ್ಟಿದ್ದರೆ ಅದು ತನ್ನ ಬಣ್ಣ ತೋರಿಸುತ್ತಿತ್ತು.

ಈಗ ದಾರಿ ಒಂದೇ, ಹಸಿವಿನಿಂದ ಕೊಲ್ಲುವುದು. ಮೊಳಕೆಗೆ ಐದಾರು ಎಲೆ ಬರುವ ಹೊತ್ತಿಗೆ ಅದು ಹೊಸ ಗೆಡ್ಡೆ ಕಟ್ಟಲು ಶುರುಮಾಡುತ್ತದೆ. ಅದಕ್ಕೆ ಮುಂಚೆಯೇ ತೆಗೆದರೆ ಹಳೆಯ ಗೆಡ್ಡೆಯ ದಾಸ್ತಾನು ಖರ್ಚಾಗುತ್ತದೆ. ಎರಡು ವಾರಕ್ಕೊಮ್ಮೆ, ತಪ್ಪದೆ. ಗುದ್ದಲಿ ಬೇಡ, ನಿಮ್ಮ ಸ್ಕ್ರೂಡ್ರೈವರೇ ಸಾಕು. ಹೆಚ್ಚಿನ ಗೆಡ್ಡೆಗಳು ಅರ್ಧ ಅಡಿಯೊಳಗೇ ಇರುತ್ತವೆ.

ನಮ್ಮ ಕಬ್ಬಿಗೆ ಹ್ಯಾಲೊಸಲ್ಫ್ಯೂರಾನ್ ಮೀಥೈಲ್ ಎಂಬ ಕಳೆನಾಶಕ ಹೊಡೆಯುತ್ತೇವೆ, ಕೊನ್ನಾರಿಯನ್ನು ಅದು ಹಿಡಿಯುತ್ತದೆ. ಹೊರದೇಶಗಳಲ್ಲಿ ಲಾನಿಗೂ ಬಳಸುತ್ತಾರೆ. ಆದರೆ ಎಕರೆಗೆ 36 ಗ್ರಾಂ ಲೆಕ್ಕದಲ್ಲಿ ನಿಮ್ಮ ಮುನ್ನೂರು ಚದರ ಅಡಿಗೆ ಬೇಕಾಗುವುದು ಕಾಲು ಗ್ರಾಂ! ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಲು ಹೋಗಬೇಡಿ. ಕೈಯಲ್ಲೇ ಮುಗಿಯುವ ಕೆಲಸ.

ಹಿತ್ತಲ ಮದ್ದು, ಶಿರಸಿ:
ಹುಳಿಸೊಪ್ಪನ್ನು ಕಾಯಿ ಕಟ್ಟುವ ಮುಂಚೆ ಕೀಳಿ. ಬಲಿತ ಕಾಯಿಗೆ ಕೈ ತಾಗಿದರೆ ಪಟ್ಟೆಂದು ಒಡೆದು ಬೀಜ ಸಿಡಿಯುತ್ತದೆ, ನೀವೇ ಬಿತ್ತಿದಂತಾಗುತ್ತದೆ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಬೇರು ಸಮೇತ ತೆಗೆಯಿರಿ, ಕೈಗವಸು ಹಾಕಿಕೊಂಡು. ನನ್ನ ಮೊಣಕೈ ತುರಿಕೆ ಒಂದು ತಿಂಗಳು ಹೋಗಿರಲಿಲ್ಲ.

ಹುಲ್ಲನ್ನು ಎಷ್ಟು ಗಿಡ್ಡ ಕತ್ತರಿಸುತ್ತೀರಿ?

ಮೈಸೂರು ಅಂಗಳ:
ಮಾಲಿ ನೆಲ ಕಾಣುವಂತೆ ಬೋಳಿಸುತ್ತಾರೆ. ನೀರು ದಿನಾ ಸಂಜೆ ಹತ್ತು ನಿಮಿಷ.

ಕಬ್ಬಿನ ಗದ್ದೆ, ಮಂಡ್ಯ:
ಎರಡೂ ಕೊನ್ನಾರಿಗೆ ಮಾಡುವ ಉಪಚಾರ. ಅದಕ್ಕೆ ನೆರಳು ಆಗದು, ತೇವ ಬಲು ಇಷ್ಟ. ಮೆಕ್ಸಿಕನ್ ಹುಲ್ಲು ಮೊದಲೇ ನಿಧಾನಕ್ಕೆ ಹಬ್ಬುವುದು, ಅದನ್ನು ಬೋಳಿಸಿದರೆ ಬಿಸಿಲು ನೆಲಕ್ಕೆ ನೇರ ಬೀಳುತ್ತದೆ. ಒಂದೂವರೆ ಅಂಗುಲ ಎತ್ತರ ಬಿಟ್ಟು ಕತ್ತರಿಸಲು ಹೇಳಿ. ನೀರನ್ನು ಮೂರು ದಿನಕ್ಕೊಮ್ಮೆ, ಆದರೆ ಆಳಕ್ಕೆ ಇಳಿಯುವಂತೆ ಕೊಡಿ. ಮಾಲಿಯ ಯಂತ್ರ, ಗುದ್ದಲಿ ನಾಲ್ಕು ಮನೆ ಸುತ್ತಿ ಬರುತ್ತವೆ. ಗೇಟಿನ ಹೊರಗೇ ಮಣ್ಣು ಕೊಡವಿಸಿ.

ಮೈಸೂರು ಅಂಗಳ (ಮೂರು ತಿಂಗಳ ನಂತರ):
ಎರಡು ವಾರಕ್ಕೊಮ್ಮೆ ಭಾನುವಾರ ಬೆಳಗ್ಗೆ ಮಣೆ ಹಾಕಿಕೊಂಡು ಕುಳಿತೆ. ಮೊದಲ ದಿನ ನೂರಕ್ಕೂ ಹೆಚ್ಚು ಮೊಳಕೆ, ಎಣಿಸುವುದನ್ನೇ ಬಿಟ್ಟೆ. ಮೊನ್ನೆ ಹದಿನಾಲ್ಕು. ಅದರಲ್ಲಿ ಒಂಬತ್ತು ನಲ್ಲಿಯ ಪಕ್ಕದವು. ನಲ್ಲಿ ತೊಟ್ಟಿಕ್ಕುತ್ತಿತ್ತು, ವಾಷರ್ ಬದಲಾಯಿಸಿದೆ. ಹುಲ್ಲು ಈಗ ದಟ್ಟವಾಗಿದೆ. ಗಿಡ್ಡ ಮಾಡಲು ಬಿಡುವುದಿಲ್ಲ ಎಂದು ಮಾಲಿಗೆ ಸಣ್ಣ ಮುನಿಸು.

ಕಬ್ಬಿನ ಗದ್ದೆ, ಮಂಡ್ಯ:
ಸಂತೋಷ. ಕಿತ್ತ ಗೆಡ್ಡೆಗಳನ್ನು ತಾರಸಿಯ ಬಿಸಿಲಿನಲ್ಲಿ ಎರಡು ವಾರ ಒಣಗಿಸಿದಿರಿ ತಾನೇ? ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಿಲ್ಲವಷ್ಟೇ?

ಮೈಸೂರು ಅಂಗಳ:
ಹಾಕಿದ್ದೇನೆ. ಅದೇ ಗೊಬ್ಬರವನ್ನು ಹೋದ ವಾರ ಗುಲಾಬಿ ಕುಂಡಗಳಿಗೆ ಕೊಟ್ಟಿದ್ದೇನೆ. ಸ್ಕ್ರೂಡ್ರೈವರ್ ಹುಡುಕಿ ಬರುತ್ತೇನೆ.