ಪುಟ್ಟಿಯ ವಿಷಯ: ಈ ಸಲ ಬರೆದೇ ಕೊಡೋಣ

ಭಾವ, ಅಕ್ಕ, ಅಣ್ಣ, ಎಲ್ಲರಿಗೂ ನಮಸ್ಕಾರ. ಆಫೀಸಿನಿಂದ ಈಗಷ್ಟೇ ಬಂದೆ. ಗ್ರೂಪಿನಲ್ಲಿ ಬೆಳಿಗ್ಗೆಯಿಂದ ಬಂದಿದ್ದನ್ನೆಲ್ಲ ಓದಿದೆ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೆ ಮೈಕ್ ಒತ್ತಿ ಮಾತಾಡುತ್ತಿದ್ದೇನೆ, ಫೋನೇ ಬರೆದುಕೊಳ್ಳಲಿ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಬೆಳಿಗ್ಗೆ ನೋಡದೇ ಇರುವವರಿಗೆ ಒಂದು ಸಲ ಹೇಳಿಬಿಡುತ್ತೇನೆ. ನಾಲ್ಕು ದಿನದಿಂದ ಒಬ್ಬ ಬೈಕಿನಲ್ಲಿ ಹಾಸನದ ಕಾಲೇಜು ಗೇಟಿನಿಂದ ಹೊಸ ಬಸ್ ಸ್ಟ್ಯಾಂಡಿನವರೆಗೆ ನಮ್ಮ ಅಕ್ಕನ ಮಗಳು ಪುಟ್ಟಿಯ ಹಿಂದೆ ಬರುತ್ತಿದ್ದಾನೆ. ನಿನ್ನೆ ಅವಳ ಫೋಟೋ ಕೂಡ ತೆಗೆದಿದ್ದಾನೆ. ಇವಳು ಗೇಟಿನ ಹತ್ತಿರ ವಾಚ್‌ಮನ್‌ಗೆ ಹೇಳಿದರೆ "ಗೇಟಿಂದ ಆಚೆ ನಮ್ಮದಲ್ಲಮ್ಮ" ಅಂದರಂತೆ. ಬಸ್ ಸ್ಟ್ಯಾಂಡಿನಲ್ಲಿ ಹೇಳಿದರೆ "ಕಾಲೇಜಿನಲ್ಲಿ ಹೇಳು" ಅಂದರಂತೆ. ಭಾವ ಏನು ಮಾಡೋದು ಅಂತ ಕೇಳಿದ್ದಾರೆ. ಅಣ್ಣ, ನೀನು "ಸದ್ಯಕ್ಕೆ ಕಾಲೇಜು ಬಿಡಿಸಿ, ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಲಿ, ಸ್ಟೇಷನ್ನು ಗೀಷನ್ನು ಬೇಡ" ಅಂತ ಬರೆದಿದ್ದೀಯ.

ಅಣ್ಣ, ನಿನಗೆ ಅವಳ ಮೇಲೆ ಎಷ್ಟು ಪ್ರೀತಿ ಅಂತ ನನಗೆ ಗೊತ್ತು. ಆದರೆ ಅದೊಂದು ಮಾತ್ರ ಬೇಡ. ಯಾಕೆ ಅಂತ ಹೇಳುತ್ತೇನೆ. ಅಕ್ಕ, ಇದನ್ನ ಎಲ್ಲರ ಮುಂದೆ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಅಕ್ಕ ಸೆಕೆಂಡ್ ಪಿಯುಸಿ ಓದುತ್ತಿದ್ದಾಗ ಯಾವನೋ ಒಬ್ಬ ಬೇಲೂರಿನ ಬಸ್ಸಿನಲ್ಲಿ ಅವಳ ಪುಸ್ತಕದೊಳಗೆ ಚೀಟಿ ಇಟ್ಟ. ಅಕ್ಕ ಅದನ್ನ ನೇರ ತಂದು ಅಪ್ಪನ ಕೈಗೇ ಕೊಟ್ಟಳು. ತಪ್ಪು ಮಾಡಿದವನು ಅವನು. ಮಾರನೇ ದಿನದಿಂದ ಮನೆಯಲ್ಲಿ ಕೂತಿದ್ದು ಅಕ್ಕ. ಪರೀಕ್ಷೆಗೆ ಎರಡು ತಿಂಗಳಿತ್ತು. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕಾಗಿದ್ದವಳು ಅವಳು, ಇವತ್ತಿಗೂ ಭಾವನ ಅಂಗಡಿ ಲೆಕ್ಕ ಕ್ಯಾಲ್ಕುಲೇಟರ್ ಇಲ್ಲದೆ ಹೇಳುತ್ತಾಳೆ ಅಲ್ವಾ.

ನಾನು ಅದನ್ನ ನೋಡಿಕೊಂಡೇ ಬೆಳೆದೆ. ಆಮೇಲೆ ನಾನು ಡಿಗ್ರಿಗೆ ಹಾಸನಕ್ಕೆ ಹೋಗಲು ಶುರು ಮಾಡಿದೆ, ಬೇಲೂರಿನಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ದಿನಾ ಎರಡು ಸಲ. ಏಳು ಗಂಟೆ ಬಸ್ಸಿನಲ್ಲಿ ಒಬ್ಬ ಮಧ್ಯವಯಸ್ಸಿನವನು ದಿನಾ ನನ್ನ ಹಿಂದೆಯೇ ಬಂದು ನಿಲ್ಲುತ್ತಿದ್ದ. ಬ್ಯಾಗನ್ನು ಹಿಂದಕ್ಕೆ ಹಾಕಿ ನಿಂತೆ. ವೇಲಿಗೆ ಹಾಕಿದ ಪಿನ್ನು ತೆಗೆದು ಬೆರಳಿನ ಮಧ್ಯೆ ಹಿಡಿದು ನಿಂತೆ. ಬಸ್ಸು ಗುಂಡಿಗೆ ಬಿದ್ದಾಗೆಲ್ಲ ಅದು ನನಗೇ ಚುಚ್ಚುತ್ತಿತ್ತು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅಕ್ಕನ ಹಾಗೆ ನನ್ನನ್ನೂ ಕೂರಿಸುತ್ತಾರೆ ಅಂತ ಭಯ. ಕೊನೆಗೆ ಆರು ಗಂಟೆ ಬಸ್ಸಿಗೆ ಹೋಗಲು ಶುರು ಮಾಡಿದೆ. ಕಾಲೇಜಿನ ಬೀಗ ತೆಗೆಯುವವರೆಗೂ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ, ಡಿಸೆಂಬರ್ ಚಳಿಯಲ್ಲೂ. ಅಮ್ಮ ಯಾಕೆ ಇಷ್ಟು ಬೇಗ ಅಂದರೆ ಲೈಬ್ರರಿ ಅನ್ನುತ್ತಿದ್ದೆ. ಇದನ್ನ ಇವತ್ತಿನವರೆಗೆ ನಮ್ಮ ಯಜಮಾನರಿಗೂ ಹೇಳಿಲ್ಲ.

ಪುಟ್ಟಿ ನಾಲ್ಕನೇ ದಿನಕ್ಕೇ ಬಂದು ಹೇಳಿದಳು. ನಾನು ಮೂರು ವರ್ಷ ಹೇಳಲಿಲ್ಲ. ಈಗ ಅವಳನ್ನ ಕಾಲೇಜು ಬಿಡಿಸಿದರೆ, ಅವಳ ತಂಗಿ ಅದನ್ನ ನೋಡುತ್ತಾಳೆ. ನಾಳೆ ಅವಳಿಗೆ ಏನಾದರೂ ಆದರೆ ನಮಗೆ ಹೇಳುತ್ತಾಳಾ, ನೀವೇ ಯೋಚನೆ ಮಾಡಿ.

ಈಗ ಮುಂದೆ ಮಾಡಬೇಕಾದ ಕೆಲಸ. ನಾನು ಇಷ್ಟು ವರ್ಷ ಟಪಾಲು ವಿಭಾಗದಲ್ಲಿ ಕೂತು ಕಲಿತಿದ್ದು ಒಂದೇ. ಬಂದ ಕಾಗದಕ್ಕೆ ಸೀಲು ಹೊಡೆದು, ತಾರೀಕು ಹಾಕಿ, ರಿಜಿಸ್ಟರಿನಲ್ಲಿ ಇನ್‌ವರ್ಡ್ ನಂಬರ್ ಬರೆದ ಮೇಲೆ ಆ ಕಾಗದ ಬಂದೇ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, ಅದು ಯಾರದೋ ಟೇಬಲ್ಲಿನ ಮೇಲೆ ಇರಲೇಬೇಕು, ಅವರು ಉತ್ತರ ಕೊಡಲೇಬೇಕು. ಬಾಯಲ್ಲಿ ಹೇಳಿದ್ದಕ್ಕೆ ನಂಬರ್ ಬೀಳಲ್ಲ. ಪುಟ್ಟಿ ವಾಚ್‌ಮನ್‌ಗೆ ಹೇಳಿದಳು, ಬಸ್ ಸ್ಟ್ಯಾಂಡಿನಲ್ಲಿ ಹೇಳಿದಳು, ಒಬ್ಬ ಮೇಡಂಗೂ ಹೇಳಿದಳಂತೆ. ಮೂರು ಜನಕ್ಕೆ ಹೇಳಿದರೂ ಒಂದು ಕಡೆಯೂ ಒಂದು ಸಾಲು ಬರೆದುಕೊಂಡಿಲ್ಲ. ನಾಳೆ ಯಾರಾದರೂ ಹೋಗಿ ಕೇಳಿದರೆ "ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ ಸಾರ್" ಅನ್ನುತ್ತಾರೆ. ಅವರ ಪುಸ್ತಕದ ಪ್ರಕಾರ ಅದು ಸರಿಯೇ ಆಗಿರುತ್ತದೆ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಇದು ಹಾಸ್ಟೆಲ್ ಇಲ್ಲದ ಕಾಲೇಜು. ಆಲೂರು, ಅರಕಲಗೂಡು, ಅರಸೀಕೆರೆ, ಹೊಳೆನರಸೀಪುರ ಅಂತ ಎಲ್ಲ ಕಡೆಯಿಂದ ಮಕ್ಕಳು ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋಗುತ್ತಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆಗೇ ಕಾಲೇಜಿಗೆ ಕಳಿಸದಿದ್ದ ಮನೆಯವರೂ ಕಳಿಸುತ್ತಿದ್ದಾರೆ, ಅದು ನಿಜವಾಗಲೂ ಒಳ್ಳೆಯದಾಯಿತು. ಆದರೆ ಅವರಿಗೆ ತೊಂದರೆ ಆಗುವುದು ಕ್ಲಾಸಿನೊಳಗಲ್ಲ. ಗೇಟಿನಿಂದ ಸ್ಟ್ಯಾಂಡಿಗೆ ನಡೆಯುವಾಗ, ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ, ಇಳಿದು ತೋಟದ ದಾರಿಯಲ್ಲಿ ಹೋಗುವಾಗ. ಆ ದಾರಿ ನಮ್ಮದು ಅಂತ ಹೇಳುವವರೇ ಇಲ್ಲ.

ಅಣ್ಣನ ಮಗ ಅಮೆರಿಕದಿಂದ ಬರೆದಿದ್ದನ್ನೂ ಓದಿದೆ. ಅಲ್ಲಿ ಕಾಲೇಜುಗಳು ತಮ್ಮಲ್ಲಿ ನಡೆದ ಅಪರಾಧದ ಲೆಕ್ಕ ಪ್ರತಿ ವರ್ಷ ಅಕ್ಟೋಬರ್ 1ರ ಒಳಗೆ ಹೊರಗೆ ಹಾಕಲೇಬೇಕು, ಮೂರು ವರ್ಷದ ಅಂಕಿ ಇರಬೇಕು, ದಿನದ ಅಪರಾಧದ ಪುಸ್ತಕವನ್ನ ಯಾರು ಬೇಕಾದರೂ ಕೇಳಿ ನೋಡಬಹುದು ಅಂತ. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ರೂಮಿನಲ್ಲಿ ಜೀನ್ ಕ್ಲೆರಿ ಅನ್ನುವ 19 ವರ್ಷದ ಹುಡುಗಿಯನ್ನ ಕೊಂದರು, ಅವಳ ಅಪ್ಪ ಅಮ್ಮ ಹೋರಾಡಿ 1990ರಲ್ಲಿ ಈ ಕಾನೂನು ತರಿಸಿದರು. ಮಗಳನ್ನ ಕಳೆದುಕೊಂಡವರು ಬೇರೆಯವರ ಮಕ್ಕಳಿಗೋಸ್ಕರ ಅಷ್ಟು ಓಡಾಡಿದರಲ್ಲ. ಅವನು ಇನ್ನೊಂದು ಮಾತು ಬರೆದಿದ್ದಾನೆ, ಅವನು ಹೋಗುತ್ತಿದ್ದ ಹಾಸ್ಟೆಲ್ ಇಲ್ಲದ ಕಾಲೇಜಿನಲ್ಲಿ ಎಲ್ಲ ಕಾಲಮ್ಮಿಗೂ ಹತ್ತಿರ ಹತ್ತಿರ ಸೊನ್ನೆ, ಹಾಗಾಗಿ ಇಂಥ ಕಾಲೇಜೇ ಸೇಫ್ ಅಂತ. ಅದನ್ನ ನಾನು ಒಪ್ಪಲ್ಲ ಪುಟ್ಟ. ಅಲ್ಲಿಯ ಲೆಕ್ಕಕ್ಕೆ ಕ್ಯಾಂಪಸ್ಸು, ಕಾಲೇಜಿನವರ ಬೇರೆ ಕಟ್ಟಡ, ಪಕ್ಕಕ್ಕೆ ಅಂಟಿಕೊಂಡ ರಸ್ತೆ ಇಷ್ಟೇ ಸೇರುತ್ತದೆ. ಮಕ್ಕಳು ಮನೆಗೆ ಹೋಗುವ ಬಸ್ಸು ಸೇರಲ್ಲ. ಲೆಕ್ಕಕ್ಕೆ ಹಿಡಿಯದೇ ಇದ್ದ ಮೇಲೆ ಸೊನ್ನೆ ಬರದೆ ಇನ್ನೇನು ಬರುತ್ತದೆ?

ನಮ್ಮಲ್ಲೂ ಹಾಗೇ. ಹೋದ ವರ್ಷ ನಮ್ಮ ಬೀದಿಯ ಹುಡುಗಿಯ ಫೋನನ್ನ ಬಸ್ಸು ಹತ್ತುವಾಗ ಬ್ಯಾಗಿನ ಜಿಪ್ ಎಳೆದು ತೆಗೆದರು. ಒಂದು ಠಾಣೆಗೆ ಹೋದರೆ "ಕಳೆದುಹೋಗಿದೆ ಅಂತ ಇ-ಲಾಸ್ಟ್‌ನಲ್ಲಿ ಹಾಕಮ್ಮ, ಬೇಗ ಆಗುತ್ತದೆ" ಅಂದರು, ಅದು ಕಳೆದುಹೋದ ವಸ್ತುವಿಗೆ ಪೊಲೀಸರು ಮಾಡಿರುವ ಆ್ಯಪ್. ಇವಳೂ ಹಾಕಿದಳು. ಕಳ್ಳತನ ಆಗಿದ್ದು ಹೋಗಿ ಇವಳೇ ಬೀಳಿಸಿಕೊಂಡ ಹಾಗಾಯಿತು. ಮಕ್ಕಳೆಲ್ಲ ಈಗಲೇ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ, ಬರುವ 15 ಅಂಕಿಯ ಐಎಂಇಐ ನಂಬರನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಫೋನ್ ಹೋದರೆ ದೂರಿನ ಪ್ರತಿ ಇಟ್ಟುಕೊಂಡು ಸಿಇಐಆರ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಬ್ಲಾಕ್ ಮಾಡಿಸಬಹುದು. ಆದರೆ ಕದ್ದಿದ್ದನ್ನ ಕದ್ದಿದ್ದಾರೆ ಅಂತಲೇ ಬರೆಸಿ.

ಪುಟ್ಟಿ ವಿಷಯಕ್ಕೆ ಬರುತ್ತೇನೆ. "ಗೇಟಿಂದ ಆಚೆ ನಮ್ಮದಲ್ಲ" ಅನ್ನುವುದು ಪೂರ್ತಿ ಸರಿಯಲ್ಲ. ಲೈಂಗಿಕ ಕಿರುಕುಳದ ಬಗ್ಗೆ ಯುಜಿಸಿಯ, ಅಂದರೆ ಕಾಲೇಜುಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗದ, 2015ರ ನಿಯಮ ಇದೆ. ಅದರಲ್ಲಿ ಕ್ಯಾಂಪಸ್ ಅಂದರೆ ಕಟ್ಟಡ ಮಾತ್ರ ಅಲ್ಲ, ಪಾರ್ಕಿಂಗ್, ಕ್ಯಾಂಟೀನ್, ಪ್ರವಾಸ, ಕ್ಯಾಂಪು, ಕಾಲೇಜಿನವರೇ ಮಾಡಿದ ಬಸ್ಸು ಕೂಡ ಸೇರುತ್ತದೆ. ಸರ್ಕಾರಿ ಬಸ್ಸು ಸೇರಿಲ್ಲ, ಅದು ನನಗೂ ಬೇಜಾರೇ. ಆದರೂ ಪ್ರತಿ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಬೇಕು, ಹಿರಿಯ ಮಹಿಳಾ ಅಧ್ಯಾಪಕಿಯೇ ಅದರ ಮುಖ್ಯಸ್ಥೆ, ಹೊರಗಿನ ಸದಸ್ಯರೊಬ್ಬರು ಇರಬೇಕು. ಹುಡುಗಿ ಪೊಲೀಸಿಗೆ ಹೋಗುತ್ತೇನೆ ಅಂದರೆ ಆ ಸಮಿತಿ ಸಹಾಯ ಮಾಡಬೇಕು, ಅದೂ ಅವರ ಕೆಲಸವೇ. ಆ ಬೈಕಿನವನು ಅದೇ ಕಾಲೇಜಿನವನು ಅಂತ ಗೊತ್ತಾದರೆ ಅವರೇ ವಿಚಾರಣೆ ಮಾಡಬೇಕು, 90 ದಿನದ ಒಳಗೆ ಮುಗಿಸಬೇಕು. ದೂರು ಘಟನೆ ನಡೆದ ಮೂರು ತಿಂಗಳ ಒಳಗೆ ಬರವಣಿಗೆಯಲ್ಲಿ ಹೋಗಬೇಕು. ಮೂರು ತಿಂಗಳಿದೆ ಅಂತ ಕೂರಬೇಡಿ. ಸಿಸಿಟಿವಿಯಲ್ಲಿ ಹಳೆಯದರ ಮೇಲೆ ಹೊಸದು ಬಂದು ಅಳಿಸಿಹೋಗುತ್ತದೆ. ಅದಕ್ಕೆ ಅರ್ಜಿಯಲ್ಲೇ "ಈ ನಾಲ್ಕು ದಿನ ಸಂಜೆ ನಾಲ್ಕರಿಂದ ಐದರವರೆಗಿನ ಗೇಟಿನ ರೆಕಾರ್ಡಿಂಗ್ ತೆಗೆದಿಡಿ" ಅಂತ ಒಂದು ಸಾಲು ಬರೆಯಬೇಕು.

ಪೊಲೀಸಿನ ವಿಷಯ. ಮತ್ತೆ ಮತ್ತೆ ಹಿಂದೆ ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅಪರಾಧ, ಮೊದಲ ಸಲಕ್ಕೆ ಮೂರು ವರ್ಷದವರೆಗೆ ಶಿಕ್ಷೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ. ಭಾವ, "ನಮ್ಮ ಊರು ಬೇಲೂರು ಕಡೆ, ಹಾಸನದಲ್ಲಿ ತಗೋತಾರಾ" ಅಂತ ಕೇಳಿದಿರಿ. ತಗೊಳ್ಳಬೇಕು. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಕೊಡಬಹುದು, ಅದನ್ನೇ ಝೀರೋ ಎಫ್‌ಐಆರ್ ಅನ್ನುತ್ತಾರೆ. ಆನ್‌ಲೈನಿನಲ್ಲಿ ಕಳಿಸಿದರೂ ಆಗುತ್ತದೆ, ಮೂರು ದಿನದ ಒಳಗೆ ಹೋಗಿ ಸಹಿ ಹಾಕಬೇಕು. ಇಂಥ ದೂರನ್ನ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಬರೆದುಕೊಂಡಿದ್ದರ ಪ್ರತಿ ದುಡ್ಡು ಕೊಡದೆ ಸಿಗಬೇಕು. ಕೆಲವು ಪ್ರಕರಣದಲ್ಲಿ ಮೇಲಧಿಕಾರಿಯ ಅನುಮತಿ ತೆಗೆದುಕೊಂಡು ಮೊದಲು 14 ದಿನದ ಒಳಗೆ ವಿಚಾರಿಸಿ ನೋಡುವುದಕ್ಕೂ ಅವಕಾಶ ಇದೆ, ಹಾಗೆ ಹೇಳಿದರೆ ಗಾಬರಿ ಬೇಡ, ಸ್ವೀಕೃತಿ ಮಾತ್ರ ಬಿಡದೆ ಇಸಿದುಕೊಳ್ಳೋಣ. ತೆಗೆದುಕೊಳ್ಳಲೇ ಇಲ್ಲ ಅಂದರೆ ಅದೇ ಅರ್ಜಿಯನ್ನ ಅಂಚೆಯಲ್ಲಿ ಎಸ್ಪಿಯವರಿಗೆ ಕಳಿಸಬಹುದು, ಅದೂ ಕಾನೂನಿನಲ್ಲೇ ಇದೆ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡರೆ ಆಯಿತು, ಆ ಕೆಲಸ ನನಗೆ ಬಿಡಿ.

ಪುಟ್ಟಿ, ಈಗ ನಿನಗೆ. ನೀನು ಬೈಕ್ ಕೆಎ 13 ಅಂತ ನೋಡಿದ್ದೀಯ, ಕೊನೆಯ ಎರಡು ಅಂಕಿಯೂ ನೆನಪಿದೆ ಅಂದೆ. ಕೆಎ 46 ಆಗಿದ್ದರೆ ಸಕಲೇಶಪುರದ್ದು, ಇದು ಹಾಸನದ್ದೇ. ಅಷ್ಟು ಗಮನಿಸಿದ್ದೀಯಲ್ಲ, ಶಭಾಷ್. ಇವತ್ತು ರಾತ್ರಿಯೇ ಒಂದು ಹಾಳೆಯಲ್ಲಿ ದಿನ ದಿನದ್ದು ಬೇರೆ ಬೇರೆ ಬರಿ. ಎಷ್ಟು ಹೊತ್ತಿಗೆ ಗೇಟು ಬಿಟ್ಟೆ, ಅವನು ಎಲ್ಲಿ ನಿಂತಿದ್ದ, ಏನು ಅಂದ, ಜೊತೆಗೆ ಯಾವ ಗೆಳತಿ ಇದ್ದಳು. ನಿನ್ನ ಬ್ಯಾಗಿನ ಮುಂದಿನ ಜಿಪ್ಪಿನಲ್ಲಿ ಬಸ್ಸಿನ ಫ್ರೀ ಟಿಕೆಟ್ಟುಗಳು ಮುದುಡಿ ಬಿದ್ದಿರುತ್ತವೆ, ನಾನು ಹೋದ ಸಲ ಬಂದಾಗ ನೋಡಿದ್ದೇನೆ, ಒಂದು ಮುಷ್ಟಿ ಇತ್ತು. ಅದನ್ನ ಎಸೆಯಬೇಡ. ಅದರಲ್ಲಿ ತಾರೀಕು, ಸಮಯ, ಎಲ್ಲಿಂದ ಎಲ್ಲಿಗೆ ಎಲ್ಲ ಇರುತ್ತದೆ. ನಾಲ್ಕೂವರೆಗೆ ಬಸ್ಸಿನಲ್ಲಿದ್ದೆ ಅಂತ ನೀನು ಬರೆಯುವುದಕ್ಕೆ ಅದೇ ಸಾಕ್ಷಿ. ಬಿಸಿಲಿಗೆ ಆ ಅಕ್ಷರ ಅಳಿಸಿಹೋಗುತ್ತದೆ, ಅದಕ್ಕೆ ನಾಲ್ಕು ದಿನದ್ದನ್ನ ಬಿಡಿಸಿ ಸಾಲಾಗಿ ಇಟ್ಟು ಒಂದು ಫೋಟೋ ತೆಗೆದಿಡು. ನಾಳೆ ಅವನು ಮತ್ತೆ ಬಂದರೆ ಯಾವುದಾದರೂ ಅಂಗಡಿಯೊಳಗೆ ಹೋಗಿ ನಿಂತು 112ಕ್ಕೆ ಫೋನ್ ಮಾಡು, ಆಮೇಲೆ ನನಗೆ. ಅವನು ತೆಗೆದ ಫೋಟೋನ ಎಲ್ಲಾದರೂ ಹಾಕಿದ್ದು ಕಂಡರೆ ಹೆದರಿ ಮುಚ್ಚಿಡಬೇಡ, ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸು, ಸೈಬರ್ ಸಹಾಯಕ್ಕೆ 1930 ಇದೆ, ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ.

ಅಣ್ಣ, ಇನ್ನೊಂದು ಬೇಡಿಕೆ. ನೀನು ಆ ಬೈಕಿನ ಫೋಟೋನ ಊರಿನ ಗ್ರೂಪಿಗೂ ಹಾಕಿದ್ದೀಯ, ಅದರಲ್ಲಿ ಪುಟ್ಟಿಯ ಮುಖ ಅರ್ಧ ಕಾಣುತ್ತದೆ. ಈಗಲೇ ಎಲ್ಲರ ಫೋನಿನಿಂದಲೂ ಹೋಗುವ ಹಾಗೆ ಡಿಲೀಟ್ ಮಾಡು. 2024ರ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೋಗಳಿದ್ದ ಪೆನ್‌ಡ್ರೈವ್ ಹಂಚಿದವರು ಹೆಣ್ಣುಮಕ್ಕಳ ಮುಖವನ್ನೂ ಮುಚ್ಚದೆ ಹಂಚಿದರು. ಆ ಮನೆಗಳವರು ಏನು ಅನುಭವಿಸಿದರು ಅಂತ ನಾವೆಲ್ಲ ಹತ್ತಿರದಿಂದ ನೋಡಿದ್ದೇವೆ. ನೀನು ಒಳ್ಳೆಯದಕ್ಕೇ ಹಾಕಿದ್ದು, ಆದರೂ ತೆಗಿ.

ಗುರುವಾರ ನಾನು ರಜೆ ಹಾಕಿದ್ದೇನೆ. ಪುಟ್ಟಿ ಮತ್ತೆ ಅಕ್ಕ ಏಳೂಕಾಲರ ಬಸ್ಸಿಗೆ ಬನ್ನಿ, ನಾನು ಹೊಸ ಬಸ್ ಸ್ಟ್ಯಾಂಡಿನಲ್ಲೇ ಇರುತ್ತೇನೆ. ತಿಂಡಿ ನಮ್ಮ ಮನೆಯಲ್ಲೇ. ಅರ್ಜಿಯನ್ನ ಪ್ರಾಂಶುಪಾಲರಿಗೆ ಒಂದು, ಸಮಿತಿಗೆ ಒಂದು, ಠಾಣೆಗೆ ಒಂದು ಅಂತ ಬರೆದು, ಎಲ್ಲದಕ್ಕೂ ನಮ್ಮ ಪ್ರತಿ ಇಟ್ಟುಕೊಂಡು ಹತ್ತು ಗಂಟೆಗೆ ಹೊರಡೋಣ. ಭಾವ, ನೀವು ಅಂಗಡಿ ಬಿಟ್ಟು ಬರುವುದು ಬೇಡ. ಅಕ್ಕ ಬರಲಿ. ಸಹಿ ಹಾಕುವಾಗ ಅವಳು ಪುಟ್ಟಿಯ ಪಕ್ಕದಲ್ಲಿ ಇರಬೇಕು ಅಂತ ನನಗೆ ಆಸೆ.