"ಗೂಢಚಾರ ಕಾದಂಬರಿಕಾರ" ಅಂದರೆ ಯಾರು, ಬೆಳಕು "ಚದುರುವುದು" ಎಲ್ಲಿ? ರಸಪ್ರಶ್ನೆಗೆ ಕೆಲವು ಪದಗಳು ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಕನ್ನಡ ಸಂಘದಲ್ಲಿ ರಾಜ್ಯೋತ್ಸವದ ರಸಪ್ರಶ್ನೆ ನಡೆಸುವ ಕೆಲಸ ಪ್ರತಿ ವರ್ಷ ನನ್ನ ತಲೆಗೇ ಬರುತ್ತದೆ. ಈ ಸಲ ಎರಡು ಹೊಸ ಸುತ್ತು ಸೇರಿಸಿದ್ದೇನೆ. ಒಂದು ಬೇಹುಗಾರಿಕೆಯ ಕಾದಂಬರಿ ಬರೆದವರ ಬಗ್ಗೆ, ಇನ್ನೊಂದು ಬೆಳಕಿನ ವಿಜ್ಞಾನದ ಬಗ್ಗೆ. ಇವೆರಡಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಮೊದಲನೆಯದು ನನಗಿರುವ ಚಟ, ಎರಡನೆಯದು ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಪಾಠ ಮಾಡುವ ವಿಷಯ, ಅಷ್ಟೇ. ಪ್ರಶ್ನೆ ಹುಡುಕುವುದಕ್ಕೆ ಕಷ್ಟವಾಗಲಿಲ್ಲ. ಅವನ್ನು ಕನ್ನಡದಲ್ಲಿ ಬರೆಯಲು ಕೂತಾಗ ತಲೆ ಕೆಟ್ಟಿತು.

ಹೋದ ವರ್ಷ ಆದದ್ದು ಹೇಳಿಬಿಡುತ್ತೇನೆ, ಆಗ ನಿಮಗೂ ನನ್ನ ಭಯ ಅರ್ಥವಾಗುತ್ತದೆ. ನಾನು ಕೇಳಿದ ಪ್ರಶ್ನೆ ಇದು: "ಬಿಳಿ ಬೆಳಕು ಪಟ್ಟಕದ ಮೂಲಕ ಹಾದಾಗ ಏಳು ಬಣ್ಣಗಳಾಗಿ ಚದುರುತ್ತದೆ. ಇದಕ್ಕೆ ಏನು ಹೆಸರು?" ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಥಟ್ ಅಂತ ಬಝರ್ ಒತ್ತಿ "ಚದುರುವಿಕೆ" ಅಂದಳು. ನಾನು ತಪ್ಪು ಅಂದೆ. ನನ್ನ ಹಾಳೆಯಲ್ಲಿ ಇದ್ದ ಉತ್ತರ "ವರ್ಣವಿಭಜನೆ". ಅವಳು ಬಿಡಲಿಲ್ಲ. "ಅಂಕಲ್, ಚದುರುತ್ತೆ ಅಂತ ನೀವೇ ಹೇಳಿದ್ರಲ್ಲ!" ಅವಳಪ್ಪ ಎದ್ದು ನಿಂತರು, ಇನ್ನೊಂದು ತಂಡದವರೂ ಎದ್ದರು, ಹತ್ತು ನಿಮಿಷ ಗಲಾಟೆ, ಹಿಂದೆ ಮೇಜಿನ ಮೇಲಿದ್ದ ಉಪ್ಪಿಟ್ಟು ಆರಿ ಗಟ್ಟಿಯಾಯಿತು. ತಪ್ಪು ನನ್ನದೇ. ಹುಡುಗಿಯ ಉತ್ತರ ವಿಜ್ಞಾನದಲ್ಲಿ ತಪ್ಪಿರಬಹುದು, ನನ್ನ ಕನ್ನಡ ಅದಕ್ಕಿಂತ ತಪ್ಪಾಗಿತ್ತು.

ಪಟ್ಟಕದಲ್ಲಿ, ಅಂದರೆ ಪ್ರಿಸಮ್ ಅನ್ನುವ ಗಾಜಿನ ತುಂಡಿನಲ್ಲಿ, ಆಗುವುದು ಬೇರೆ, ಆಕಾಶದಲ್ಲಿ ಆಗುವುದು ಬೇರೆ. ಗಾಜಿನೊಳಗೆ ನೇರಳೆ ಬೆಳಕು ಕೆಂಪಿಗಿಂತ ಸ್ವಲ್ಪ ನಿಧಾನವಾಗಿ ಸಾಗುತ್ತದೆ, ಅದಕ್ಕೇ ಅದು ಜಾಸ್ತಿ ಬಾಗುತ್ತದೆ, ಬಣ್ಣಗಳು ಒಂದರ ಪಕ್ಕ ಒಂದು ಸಾಲಾಗಿ ಬಿಡಿಸಿಕೊಳ್ಳುತ್ತವೆ. ಇಲ್ಲಿ ಎಲ್ಲವೂ ಶಿಸ್ತಾಗಿದೆ, ಚದುರಿದ್ದು ಏನೂ ಇಲ್ಲ. ಆಕಾಶದಲ್ಲಿ ಹಾಗಲ್ಲ. ಗಾಳಿಯ ಅಣುಗಳಿಗೆ ತಾಗಿದ ಬೆಳಕು ದಿಕ್ಕಾಪಾಲಾಗಿ ಹೋಗುತ್ತದೆ. ಅಲೆಯುದ್ದ ಅರ್ಧವಾದರೆ ಹೀಗೆ ಚದುರುವ ಪ್ರಮಾಣ 16 ಪಟ್ಟು ಏರುತ್ತದೆ, ಇದು ಇಂಗ್ಲಿಷ್ ವಿಜ್ಞಾನಿ ರ‍್ಯಾಲೆ ಕೊಟ್ಟ ಲೆಕ್ಕ. ಕೆಂಪಿಗಿಂತ ನೀಲಿಯ ಅಲೆ ಗಿಡ್ಡ, ಆದ್ದರಿಂದ ನೀಲಿಯೇ ಎಲ್ಲ ಕಡೆಯಿಂದ ಕಣ್ಣಿಗೆ ಬೀಳುತ್ತದೆ. (ಹಾಗಾದರೆ ಆಕಾಶ ನೇರಳೆ ಯಾಕಲ್ಲ ಅಂತ ಕೇಳುವವರು ನಿಮ್ಮಲ್ಲೂ ಇರುತ್ತೀರಿ. ಬಿಸಿಲಿನಲ್ಲಿ ನೇರಳೆಯ ಪಾಲು ಕಡಿಮೆ, ನಮ್ಮ ಕಣ್ಣಿಗೂ ಅದು ಅಷ್ಟಾಗಿ ಹತ್ತುವುದಿಲ್ಲ.)

1921ರಲ್ಲಿ ಹಡಗಿನಲ್ಲಿ ಊರಿಗೆ ಮರಳುತ್ತಿದ್ದ ಸಿ.ವಿ. ರಾಮನ್ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ ಯೋಚನೆಗೆ ಬಿದ್ದದ್ದೂ ಇದೇ ಚದುರುವ ಬೆಳಕಿನ ಬಗ್ಗೆ. ಆಕಾಶದ ಬಣ್ಣ ನೀರಿನಲ್ಲಿ ಪ್ರತಿಫಲಿಸಿ ಸಮುದ್ರ ನೀಲಿಯಾಗುತ್ತದೆ ಅಂತ ರ‍್ಯಾಲೆ ಹೇಳಿದ್ದ. ರಾಮನ್ ಕೈಯಲ್ಲಿ ಸಣ್ಣದೊಂದು ನಿಕೋಲ್ ಪಟ್ಟಕ ಇತ್ತು, ಅದನ್ನು ಕಣ್ಣಿಗೆ ಹಿಡಿದು ನೀರಿನ ಮೇಲಿನ ಪ್ರತಿಫಲನವನ್ನು ಮರೆಮಾಡಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಅಂದರೆ ನೀರೇ ಬೆಳಕನ್ನು ಚದುರಿಸುತ್ತಿದೆ. ಏಳು ವರ್ಷ ಕಳೆದು 1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. 1933ರಲ್ಲಿ ಬೆಂಗಳೂರಿಗೆ ಬಂದವರು ಕೊನೆಯವರೆಗೂ ಇಲ್ಲೇ ಇದ್ದರು. ಹಾಗಾಗಿ "ಚದುರು" ಅನ್ನುವ ಕ್ರಿಯಾಪದವನ್ನು ರಾಮನ್ ಅವರಿಗಾಗಿ ಮೀಸಲಿಟ್ಟು, ಪಟ್ಟಕದ ಹತ್ತಿರ ಸುಳಿಯಲು ಬಿಡಬಾರದು ಅಂತ ನನ್ನ ತೀರ್ಮಾನ. ಪಟ್ಟಕಕ್ಕೆ "ಬೇರ್ಪಡು", "ಬಿಡಿಸಿಕೊಳ್ಳು" ಸಾಕಲ್ವಾ? ಆದರೆ ವರ್ಣವಿಭಜನೆಯನ್ನು ಉತ್ತರವಾಗಿ ಬಯಸಿ "ಬಣ್ಣಗಳಾಗಿ ಬೇರ್ಪಡುವುದಕ್ಕೆ ಏನು ಹೆಸರು" ಅಂತ ಕೇಳಿದರೆ ಅರ್ಧ ಉತ್ತರವನ್ನು ನಾನೇ ಕೊಟ್ಟ ಹಾಗಾಯಿತು. ನಮ್ಮ ಪದಗಳ ಗುಣವೇ ಹಾಗೆ, ಹೆಸರೇ ಅರ್ಥ ಹೇಳಿಬಿಡುತ್ತದೆ. ಪಾಠಕ್ಕೆ ಅದು ವರ, ರಸಪ್ರಶ್ನೆಗೆ ಶಾಪ.

"ಬಾಗು" ಅನ್ನುವುದರದ್ದೂ ಇದೇ ಗೋಳು. ನೀರಲ್ಲಿಟ್ಟ ಕಡ್ಡಿ ಮುರಿದಂತೆ ಕಾಣುವುದು ವಕ್ರೀಭವನ, ಅಲ್ಲೂ ಬೆಳಕು ಬಾಗುತ್ತದೆ. ಸಣ್ಣ ಸೀಳಿನ ಅಂಚಿನಲ್ಲಿ ಬೆಳಕು ಪಕ್ಕಕ್ಕೆ ಹರಡುವುದು ವಿವರ್ತನೆ, ಅಲ್ಲೂ ಪುಸ್ತಕಗಳು "ಬಾಗುತ್ತದೆ" ಅಂತಲೇ ಬರೆಯುತ್ತವೆ. ಹಳೇ ಸಿ.ಡಿ.ಯನ್ನು ಬಿಸಿಲಿಗೆ ಹಿಡಿದಾಗ ಕಾಣುವ ಬಣ್ಣಗಳು ಈ ಎರಡನೆಯ ಜಾತಿಯವು. ನನಗಂತೂ ವಿವರ್ತನೆ ಅನ್ನುವ ಪದವೇ ಒಗ್ಗುವುದಿಲ್ಲ. ವೇದಾಂತ ಓದಿದವರಿಗೆ ವಿವರ್ತ ಅಂದ ಕೂಡಲೇ ಹಗ್ಗ ಹಾವಾಗಿ ಕಂಡ ಕತೆ ನೆನಪಾಗುತ್ತದೆ, ಸಿ.ಡಿ. ನೆನಪಾಗುವುದಿಲ್ಲ. ಬೇರೆ ಪದ ಬಳಸುವವರು ಯಾರಾದರೂ ಇದ್ದೀರಾ?

ಈಗ ಗೂಢಚಾರರ ಕಡೆ ಬರುತ್ತೇನೆ. ಜಾಸ್ತಿ ಸಹಾಯ ಬೇಕಾಗಿರುವುದು ಇಲ್ಲೇ.

ಮೊದಲು ಸುತ್ತಿನ ಹೆಸರೇ ಸರಿಹೋಗುತ್ತಿಲ್ಲ. "ಗೂಢಚಾರ ಕಾದಂಬರಿಕಾರರು" ಅಂತ ಬರೆದೆ. ಓದಿದ ಹೆಂಡತಿ, "ಇವರು ಗೂಢಚಾರರ ಬಗ್ಗೆ ಬರೆದವರೋ, ತಾವೇ ಗೂಢಚಾರರೋ?" ಅಂದಳು. ಮಜಾ ಅಂದರೆ ಇವರಲ್ಲಿ ಸುಮಾರು ಜನಕ್ಕೆ ಎರಡೂ ಸರಿ. ಸಾಮರ್‌ಸೆಟ್ ಮಾಮ್ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ ಪರವಾಗಿ ಸ್ವಿಟ್ಜರ್ಲೆಂಡಿನಲ್ಲಿದ್ದು ಬೇಹುಗಾರಿಕೆ ನಡೆಸಿದ, 1917ರಲ್ಲಿ ರಷ್ಯಾಕ್ಕೂ ಹೋದ, ಅದನ್ನೆಲ್ಲ 1928ರಲ್ಲಿ ಕತೆ ಮಾಡಿದ. ಜೇಮ್ಸ್ ಬಾಂಡ್ ಕತೆಗಳ ಇಯಾನ್ ಫ್ಲೆಮಿಂಗ್ ನೌಕಾದಳದ ಗುಪ್ತಚರ ವಿಭಾಗದಲ್ಲಿದ್ದ. (ಇವನ ನಾಯಕನ ಹೆಸರು ವೆಸ್ಟ್ ಇಂಡೀಸಿನ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ಒಬ್ಬ ಪಕ್ಷಿತಜ್ಞನದ್ದು. ಸುಲಭದ ಪ್ರಶ್ನೆ, ಮೊದಲ ಸುತ್ತಿಗೆ ಇಟ್ಟಿದ್ದೇನೆ.) ಗ್ರಹಾಂ ಗ್ರೀನ್ ಎರಡನೇ ಮಹಾಯುದ್ಧದಲ್ಲಿ ಸಿಯೆರಾ ಲಿಯೋನ್‌ನಲ್ಲಿ ಗುಪ್ತಚರ ಕೆಲಸದಲ್ಲಿದ್ದ. ಹಾಗಾಗಿ ನನ್ನ ತಪ್ಪು ಸಮಾಸ ಅರ್ಧ ನಿಜವನ್ನೇ ಹೇಳುತ್ತಿದೆ.

"ಪತ್ತೇದಾರಿ ಕಾದಂಬರಿಕಾರರು" ಅಂತ ಹಾಕಿ ಅಂದ ಸಂಘದ ಕಾರ್ಯದರ್ಶಿ. ಅದು ಆಗದು. ಪತ್ತೇದಾರಿ ಅಂದರೆ ನಮಗೆ ಎನ್. ನರಸಿಂಹಯ್ಯ, ಐನೂರಕ್ಕೂ ಹೆಚ್ಚು ಕಾದಂಬರಿ, ಬಾಡಿಗೆ ಲೈಬ್ರರಿಯಲ್ಲಿ ರಟ್ಟು ಕಿತ್ತುಹೋದ ಪುಸ್ತಕಗಳು. ಪತ್ತೇದಾರ ಅಪರಾಧ ನಡೆದ ಮೇಲೆ ಬಂದು ಕಳ್ಳನನ್ನು ಹಿಡಿಯುತ್ತಾನೆ. ಬೇಹುಗಾರ ತಾನೇ ಸಿಕ್ಕಿಬೀಳದ ಹಾಗೆ ಅಡಗಿರಬೇಕು. ಆದರೆ ಆಡುಮಾತಿನಲ್ಲಿ ಇಬ್ಬರನ್ನೂ ಒಂದೇ ಮಾಡಿದ್ದು "ಸಿಐಡಿ". 1968ರಲ್ಲಿ ರಾಜ್‌ಕುಮಾರ್ ಬಾಂಡ್ ಶೈಲಿಯಲ್ಲಿ ಬಂದಾಗಲೂ ಅವರು "ಸಿಐಡಿ 999". ಇವತ್ತಿಗೂ ಯಾರಾದರೂ ಬಾಗಿಲ ಸಂದಿಯಿಂದ ಇಣುಕಿದರೆ "ಏನೋ, ಸಿಐಡಿ ಕೆಲಸ ಮಾಡ್ತಿದೀಯಾ?" ಅಂತಲೇ ಕೇಳುತ್ತೇವೆ. ಪೊಲೀಸ್ ಇಲಾಖೆಯ ಒಂದು ತನಿಖಾ ವಿಭಾಗದ ಹೆಸರು ಹೀಗೆ ಇಣುಕುವವರಿಗೆಲ್ಲ ಬಂದದ್ದು ಚೆನ್ನಾಗಿದೆ.

ನನಗೆ ಹಿಡಿಸುವುದು "ಬೇಹು". ತೆಲುಗಿನಲ್ಲಿ ವೇಗು, ತಮಿಳಿನಲ್ಲಿ ವೇವು, ಎಲ್ಲ ಒಂದೇ ಮನೆಯ ಮಕ್ಕಳು. "ಬೇಹುಕತೆ" ಅಂತ ಮಾಡಿದರೆ ಹೇಗೆ? ಬರೆದವನು "ಬೇಹುಕತೆಗಾರ". ಬೇಹುಗಾರನೇ ಬೇರೆ, ಬೇಹುಕತೆಗಾರನೇ ಬೇರೆ, ಗೊಂದಲ ಇಲ್ಲ. ಕಿವಿಗೆ ಹೊಸದಾಗಿ ಕೇಳುತ್ತದೆಯೇ ಹೊರತು ಕೃತಕ ಅನ್ನಿಸಲಿಲ್ಲ, ನನಗಾದರೂ. ನೀವು ಹೇಳಿ.

ಮುಂದಿನದು ಜಾನ್ ಲ ಕಾರೆ. ಅಸಲಿ ಹೆಸರು ಡೇವಿಡ್ ಕಾರ್ನ್‌ವೆಲ್. ಬ್ರಿಟನ್ನಿನ ಗುಪ್ತಚರ ಸೇವೆಯಲ್ಲಿ ಇದ್ದುಕೊಂಡೇ ಬರೆಯಲು ಶುರು ಮಾಡಿದ, ಕೆಲಸದಲ್ಲಿದ್ದವರು ಸ್ವಂತ ಹೆಸರಲ್ಲಿ ಕಾದಂಬರಿ ಪ್ರಕಟಿಸುವಂತಿರಲಿಲ್ಲ, ಅದಕ್ಕೇ ಈ ಹೆಸರು. ಫ್ರೆಂಚಿನಲ್ಲಿ "ಲ ಕಾರೆ" ಅಂದರೆ ಚೌಕ. ನನ್ನ ಪ್ರಶ್ನೆ: "ಯಾವ ಲೇಖಕನ ಕಾವ್ಯನಾಮಕ್ಕೆ ಫ್ರೆಂಚಿನಲ್ಲಿ ಚೌಕ ಎಂಬ ಅರ್ಥವಿದೆ?" ಬರೆದ ಮೇಲೆ ಕಾವ್ಯನಾಮ ಅನ್ನುವುದು ಚುಚ್ಚತೊಡಗಿತು. ಕುವೆಂಪು, ಅಂಬಿಕಾತನಯದತ್ತ ಅಂದರೆ ಕಾವ್ಯನಾಮ ಸರಿ, ಅಲ್ಲಿ ಕಾವ್ಯವೂ ಇದೆ, ಯಾರು ಅಂತ ಊರಿಗೆಲ್ಲ ಗೊತ್ತೂ ಇದೆ. ಅಂಕಿತನಾಮ ವಚನಕ್ಕೆ, ಕೀರ್ತನೆಗೆ. ಇವನದ್ದು ಬಚ್ಚಿಟ್ಟುಕೊಳ್ಳಲು ತೊಟ್ಟ ಹೆಸರು. "ಗುಪ್ತನಾಮ" ಅನ್ನೋಣ ಅಂದರೆ, ಅದು ಗೂಢಚಾರನಾಗಿ ಅವನಿಗೆ ಇಲಾಖೆ ಕೊಟ್ಟ ಹೆಸರು ಅಂತ ಕೇಳುವವರು ತಿಳಿದುಕೊಳ್ಳುತ್ತಾರೆ. ಸದ್ಯಕ್ಕೆ "ಬರಹಕ್ಕೆ ಇಟ್ಟುಕೊಂಡ ಹೆಸರು" ಅಂತ ಉದ್ದಕ್ಕೆ ಬರೆದಿದ್ದೇನೆ. ಒಂದೇ ಪದ ಇದ್ದರೆ ಕೊಡಿ.

ಇವನೇ ತನ್ನ 1974ರ ಕಾದಂಬರಿಯಿಂದ ಜನಪ್ರಿಯ ಮಾಡಿದ ಪದ "ಮೋಲ್". ಶತ್ರುದೇಶದವರು ವರ್ಷಾನುಗಟ್ಟಲೆ ಮೊದಲೇ ನಮ್ಮ ಇಲಾಖೆಯೊಳಗೆ ಸೇರಿಸಿಟ್ಟ ಮನುಷ್ಯ. ಕಿಮ್ ಫಿಲ್ಬಿಯೇ ಇದಕ್ಕೆ ದೊಡ್ಡ ಉದಾಹರಣೆ. ಗ್ರಹಾಂ ಗ್ರೀನ್‌ಗೆ ಮೇಲಧಿಕಾರಿಯಾಗಿದ್ದವನು, ಒಳಗೊಳಗೇ ಸೋವಿಯತ್ ಪರ ದುಡಿದು, 1963ರಲ್ಲಿ ಮಾಸ್ಕೋಗೆ ಓಡಿಹೋದ. ಇವನನ್ನು ಕನ್ನಡದಲ್ಲಿ ಏನನ್ನೋಣ? ಸುಮ್ನೆ ಕುತೂಹಲಕ್ಕೆ ಮೊಬೈಲಿನಲ್ಲಿ ಅನುವಾದ ಹಾಕಿ ನೋಡಿದೆ, "ಸೋವಿಯತ್ ಮಚ್ಚೆ" ಅಂತ ಬಂತು. ಕೆನ್ನೆ ಮೇಲಿನ ಮಚ್ಚೆ! ಇಂಗ್ಲಿಷಿನಲ್ಲಿ ಮೋಲ್ ಅಂದರೆ ಮಚ್ಚೆಯೂ ಹೌದು, ನೆಲದೊಳಗೆ ಬಿಲ ಕೊರೆಯುವ ಒಂದು ಪ್ರಾಣಿಯೂ ಹೌದು. ಆ ಪ್ರಾಣಿ ನಮ್ಮ ಕಡೆ ಇಲ್ಲ, ಹಾಗಾಗಿ ಹೆಸರೂ ಇಲ್ಲ. ನೆಲ ಕೊರೆಯುವುದು ಅಂತ "ಹೆಗ್ಗಣ" ಅಂದರೆ ಪೂರ್ತಿ ದಾರಿ ತಪ್ಪುತ್ತದೆ, ಕನ್ನಡದಲ್ಲಿ ಹೆಗ್ಗಣ ಅಂದರೆ ಸರ್ಕಾರದ ದುಡ್ಡು ತಿನ್ನುವವನು. "ಹಿತಶತ್ರು" ಹತ್ತಿರ ಬರುತ್ತದೆ, ಆದರೆ ಹಿತಶತ್ರುವಿಗೆ ಸಂಬಳ ಕೊಡುವ ದೇಶ ಇರುವುದಿಲ್ಲ, ಅವನು ಹೊಟ್ಟೆಕಿಚ್ಚಿಗೆ ಮಾಡುವವನು. "ಕೊಡಲಿ ಕಾವು ಕುಲಕ್ಕೆ ಮೃತ್ಯು" ಅನ್ನುವ ಗಾದೆಯ "ಕಾವು" ನನಗೆ ಇವೆಲ್ಲಕ್ಕಿಂತ ಇಷ್ಟ. ಮರದ್ದೇ ತುಂಡು, ಮರ ಕಡಿಯುವವನ ಕೈಯಲ್ಲಿ. "ಕೊಡಲಿಕಾವು" ಅಂತ ಒಂದೇ ಪದ ಮಾಡಿ ಬಳಸಿದರೆ ಅರ್ಥವಾದೀತೇ, ಅಥವಾ ನನ್ನದು ಅತಿಯಾಯಿತೇ?

ಎರಡೂ ಕಡೆ ಕೆಲಸ ಮಾಡುವವನಿಗೆ ಮಾತ್ರ ಪದ ಹುಡುಕುವ ಅಗತ್ಯವೇ ಇಲ್ಲ. ಕೌಟಿಲ್ಯ ಆಗಲೇ ಕೊಟ್ಟಿದ್ದಾನೆ: "ಉಭಯವೇತನ". ಎರಡು ಸಂಬಳದವನು! ಅಂಥವನನ್ನು ಶತ್ರುವಿನ ಹತ್ತಿರ ಕಳಿಸುವ ಮೊದಲು ಹೆಂಡತಿ ಮಕ್ಕಳನ್ನು ತನ್ನ ವಶದಲ್ಲಿ ಇಟ್ಟುಕೊಳ್ಳಬೇಕು ಅಂತಲೂ ಹೇಳಿದ್ದಾನೆ, ಲ ಕಾರೆ ಓದಿದ್ದರೆ ತಲೆದೂಗುತ್ತಿದ್ದ. ಆ ಅರ್ಥಶಾಸ್ತ್ರದ ಓಲೆಗರಿ ಕಣ್ಣಿಗೆ ಬಿದ್ದದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, 1905ರಲ್ಲಿ, ಆರ್. ಶಾಮಶಾಸ್ತ್ರಿಗಳಿಗೆ. ಅಚ್ಚಾದದ್ದು 1909ರಲ್ಲಿ. ಇದು ನನ್ನ ಕೊನೆಯ ಸುತ್ತಿನ ಪ್ರಶ್ನೆ, ದಯವಿಟ್ಟು ನಮ್ಮ ಬಡಾವಣೆಯವರಿಗೆ ಹೇಳಬೇಡಿ.

ಪೇಪರಿನವರು "ಹನಿಟ್ರ್ಯಾಪ್" ಬರೆಯುವುದರ ಬಗ್ಗೆಯೂ ಒಂದು ಮಾತು. ಇದೂ ಆ 1974ರ ಕಾದಂಬರಿಯಲ್ಲಿ ಬರುವ ಪದವೇ. ನಮ್ಮ ಅಮ್ಮ ಹೆಡ್ಡಿಂಗ್ ಓದಿ "ಹನಿ ಅಂದ್ರೆ ನೀರಿನ ಹನಿಯೇನೋ?" ಅಂತ ಕೇಳಿದರು. ಕೆಲವರು ಮಧುಬಲೆ ಅನ್ನುತ್ತಾರೆ. ಮೋಹದ ಬಲೆ ಅಂದರೆ ಅಮ್ಮನಿಗೂ ತಿಳಿಯುತ್ತದೆ, ನಾನು ಅದನ್ನೇ ಹಾಕುತ್ತೇನೆ.

ಅಮ್ಮನ ವಿಷಯ ಬಂತಲ್ಲ, ಕೊನೆಯ ಪ್ರಶ್ನೆಯೂ ಅವರ ಅಡುಗೆಮನೆಯದ್ದೇ. ಕನ್ನಡಕದ ಗಾಜಿಗೆ ನಾವು ಮಸೂರ ಅನ್ನುತ್ತೇವೆ. ಮಸೂರ ಸಂಸ್ಕೃತದಲ್ಲಿ ಒಂದು ಬೇಳೆಯ ಹೆಸರು. ಇಂಗ್ಲಿಷಿನವರ ಲೆನ್ಸ್ ಕೂಡ ಲ್ಯಾಟಿನ್ನಿನಲ್ಲಿ ಅದೇ ಬೇಳೆ. ಎರಡೂ ಬದಿ ಉಬ್ಬಿದ ಪುಟ್ಟ ಬಿಲ್ಲೆಯಂತೆ ಕಾಣುತ್ತದೆ ಅಂತ ಅಲ್ಲಿ ಇಟ್ಟ ಹೆಸರನ್ನು ಇಲ್ಲಿ ಹಾಗೇ ತಿರುಗಿಸಿಕೊಂಡಿದ್ದೇವೆ. ಅಮ್ಮನ ಡಬ್ಬಿಯಿಂದ ಸಿಪ್ಪೆ ತೆಗೆಯದ ಕಾಳು ನಾಲ್ಕು ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ, ಪೀನ ಮಸೂರವೇ ಸರಿ. ಹೋದ ವರ್ಷ ಜಗಳ ಆಡಿದ ಹುಡುಗಿ ಈ ಸಲ ಪಿಯುಸಿ, ಪ್ರಶ್ನೆ ತಿದ್ದಲು ನಾನೇ ಅವಳನ್ನು ಕರೆದಿದ್ದೇನೆ. "ಯಾವ ಬೇಳೆಯ ಹೆಸರು ಕನ್ನಡಕದಲ್ಲಿದೆ?" ಅನ್ನುವ ಪ್ರಶ್ನೆ ಅವಳಿಗೆ ಹಿಡಿಸಿತು, ಆದರೆ ತಕ್ಷಣ ಕೇಳಿದಳು, "ಅಂಕಲ್, ಯಾರಾದ್ರೂ ಚನ್ನಂಗಿ ಬೇಳೆ ಅಂದ್ರೆ?" ನಮ್ಮ ಮನೆಯಲ್ಲಿ ಅದು ಚನ್ನಂಗಿಯೇ. ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಇದಕ್ಕೆ ಏನೇನು ಹೆಸರಿದೆ ಅಂತ ಶನಿವಾರದೊಳಗೆ ಬರೆದರೆ, ಎಲ್ಲವನ್ನೂ ಸರಿ ಉತ್ತರದ ಪಟ್ಟಿಗೆ ಸೇರಿಸಿಕೊಳ್ಳುತ್ತೇನೆ. ಈ ಸಲ ಉಪ್ಪಿಟ್ಟು ಬಿಸಿ ಇರುವಾಗಲೇ ತಿನ್ನಬೇಕು.